ಪಗಡಿಯ ಇನ್ನೊಂದು ತುದಿ

ಅಣ್ಣಾ,

ಇತ್ತ ನಾವೆಲ್ಲ ಕ್ಷೇಮ ಎಂದು ಶುರುಮಾಡುವುದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ಈ ಸಲ ಬಿಟ್ಟಿದ್ದೇನೆ. ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ. ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುತ್ತೇನೆ, ಗಾಜಿನ ಅಂಚು ಉಜ್ಜುತ್ತೇನೆ, ಹೊತ್ತಿಗೆ ಸರಿಯಾಗಿ ಹಸಿವೂ ಆಗುತ್ತದೆ. ಅಳು ಮಾತ್ರ ಬಂದಿಲ್ಲ. ನೀನು ಹೋದ ದಿನ ಏನೇನಾಯಿತೆಂದು ನಿನಗೆ ಹೇಳುವವರು ಬೇರೆ ಯಾರೂ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಾವುದೋ ಕಟ್ಟಡದ ಮೇಲಂತಸ್ತಿನಲ್ಲಿ ಲಿಫ್ಟಿನ ಮೋಟಾರು ಬಿಚ್ಚಿಟ್ಟುಕೊಂಡು ಕೂತಿದ್ದವನು ಎದೆ ಹಿಡಿದುಕೊಂಡು ಕುಸಿದೆಯಂತೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ತಮ್ಮ, ನಮ್ಮ ಮಾವ, ನನಗಿಂತ ಮೊದಲೇ ಬಂದು ಶವಾಗಾರದ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಅಮ್ಮ ಹೋದ ಮೇಲೆ ಹಿರಿಯರು ಅಂತ ಉಳಿದಿರುವುದು ಅವರೊಬ್ಬರೇ ತಾನೆ. ಅಲ್ಲಿನ ಆಯಾ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ನಿನ್ನ ಗಡಿಯಾರ, ಬಾಚಣಿಗೆ, ಉಕ್ಕಿನ ಕಡಗ, ಮುದ್ದೆಯಾಗಿ ಸುತ್ತಿದ ನೀಲಿ ಪಗಡಿ. "ಒಡವೆ ಎಲ್ಲ ಸರಿ ಇದೆಯಾ ನೋಡ್ಕೊಳ್ಳಿ" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಮ್ಮವರೇ ಅಲ್ವಾ? ಸ್ನಾನ ಮಾಡಿಸೋಕೆ ಮಸೀದಿಯಿಂದ ಯಾರನ್ನಾದ್ರೂ ಕರೆಸ್ತೀನಿ" ಎಂದಳು. ಪಾಪ, ಗಡ್ಡ ನೋಡಿ ನಿನ್ನನ್ನೂ ತನ್ನ ಹಾಗೆ ಮುಸ್ಲಿಮ್ ಎಂದುಕೊಂಡಿದ್ದಳು.

"ಅಯ್ಯೋ ಇಲ್ಲಮ್ಮ, ಹಿಂದೂ" ಎಂದರು ಮಾವ.

ನಮ್ಮ ಮನೆಯ ಕಥೆಯನ್ನು ಹೊರಗಿನವರಿಗೆ ಹೇಳುವುದು ಯಾವಾಗಲೂ ತಲೆನೋವಿನ ಕೆಲಸ. ಪಂಜಾಬಿನ ಕಡೆಯ ಅಪ್ಪನ ಮನೆತನದಲ್ಲಿ ಮೊದಲ ಗಂಡುಮಗುವನ್ನು ಸಿಖ್ ಗುರುವಿನ ದಾರಿಗೆ ಒಪ್ಪಿಸುವುದು ಹಿಂದಿನಿಂದ ಬಂದ ರೂಢಿ. ಹಾಗಾಗಿ ನೀನು ಕೂದಲು ಕತ್ತರಿಸದ ಸಿಖ್. ನಾನು ಅಮ್ಮನ ಪಕ್ಕ ಕೂತು ದೇವರಿಗೆ ದೀಪ ಹಚ್ಚುವ ಹಿಂದೂ. "ಇವನೂ ನಮ್ಮವನೇ, ಕೂದಲು ಸ್ವಲ್ಪ ಜಾಸ್ತಿ ಅಷ್ಟೆ" ಎಂದು ಅಪ್ಪ ಹೇಳಿದಾಗಲೆಲ್ಲ ಮನೆಮಂದಿ ನಗುತ್ತಿದ್ದೆವು. ನೀನು ನಗುತ್ತಿರಲಿಲ್ಲ.

ಲಿಫ್ಟ್ ಕೆಟ್ಟು ನಿಂತರೆ, ನೀನು ರಿಪೇರಿ ಮಾಡುವಷ್ಟು ಹೊತ್ತು ಜನರಿಗೆ ಬೇರೇನು ಕೆಲಸ? ನಿನ್ನ ಧರ್ಮ ವಿಚಾರಿಸುತ್ತಿದ್ದರು. ಹಿಂದೂಗಳ ಹಾಗೆ ಕರ್ಮ, ಮರುಹುಟ್ಟು ಅಂತೀರಿ, ಮುಸ್ಲಿಮರ ಹಾಗೆ ವಿಗ್ರಹ ಬೇಡ, ದೇವರು ಒಬ್ಬನೇ ಅಂತೀರಿ, ಎರಡನ್ನೂ ಕಲಸಿ ಮಾಡಿದ್ದಾ ಎಂದು ಯಾರೋ ಒಬ್ಬ ಕೇಳಿದನಂತೆ. "ನಿಮಗೆ ಅಪ್ಪನ ಮೂಗಿರಬಹುದು, ಅಮ್ಮನ ಕಣ್ಣಿರಬಹುದು. ನಿಮ್ಮನ್ನ ಯಾರಾದ್ರೂ ಕಲಸಿ ಮಾಡಿದ್ರಾ ಸ್ವಾಮಿ?" ಎಂದು ಕೇಳಿ ಬಂದೆ ನೀನು. ಊಟಕ್ಕೆ ಕೂತಾಗ ಅದನ್ನು ಹೇಳಿ ಎಷ್ಟು ನಗಿಸಿದ್ದೆ! ನಾನು ಸುಮ್ಮನಿರದೆ, "ಯಾಕೆ ಅಷ್ಟೆಲ್ಲ ವಾದ ಮಾಡ್ತೀಯ, ಎಲ್ಲ ಧರ್ಮಾನೂ ಒಂದೇ ಅಂದುಬಿಡು" ಎಂದೆ. ನಿನ್ನ ನಗು ಅಲ್ಲಿಗೇ ನಿಂತಿತು.

"ನಮ್ಮ ಗ್ರಂಥದಲ್ಲಿ ಹಿಂದೂ ಸಂತರ ಪದಗಳಿವೆ, ಮುಸ್ಲಿಂ ಫಕೀರರ ಪದಗಳೂ ಇವೆ ಕಣೇ. ಅವರೆಲ್ಲ ಸಿಖ್ಖರೇ ಅಂತ ನಾವು ಹೇಳಲ್ಲ. ಅವರನ್ನ ಅವರಾಗೇ ಕೂರಿಸ್ಕೊಂಡು, ಆ ಗ್ರಂಥಕ್ಕೇ ಗುರು ಅಂತ ತಲೆ ಬಾಗ್ತೀವಿ. ನೀವು ಒಂದೇ ಒಂದೇ ಅಂತ ಪ್ರೀತಿಯಿಂದಾನೇ ಹೇಳ್ತೀರಿ, ಗೊತ್ತು. ಆದ್ರೆ ಹಾಗೆ ಅಂದಾಗಲೆಲ್ಲ ನಾನು ಇಲ್ಲವಾಗಿಬಿಡ್ತೀನಿ." ಅಷ್ಟು ಹೇಳಿ ನೀನು ತಟ್ಟೆ ತೊಳೆಯಲು ಎದ್ದು ಹೋದೆ.

ಶವಾಗಾರದ ಬಾಗಿಲಲ್ಲಿ ಇದೆಲ್ಲ ನೆನಪಾಗಿ ನಾನು ಎದೆ ಒಡೆದು ಅತ್ತೆ ಎಂದು ಬರೆದರೆ ಸುಳ್ಳಾಗುತ್ತದೆ. ತಲೆ ಖಾಲಿಯಾಗಿತ್ತು. ಯಾರೋ ಚಿಲ್ಲರೆ ಕೇಳಿದರೆ ಕೊಡುವ ಹಾಗೆ, "ಹಿಂದೂ ಅಲ್ಲ, ಸಿಖ್" ಎಂದೆ.

ಮಾವನಿಗೆ ಸಿಟ್ಟು ಬಂತು. "ನಿನ್ನೆ ಮೊನ್ನೆವರೆಗೂ ನಮ್ಮವನಾಗಿದ್ದ. ಈಗ ಬೇರೆಯವನು ಅಂತೀಯಲ್ಲ, ಹಾಗಾದ್ರೆ ನೀನು ಅವನಿಗೆ ಏನಾಗ್ಬೇಕು?" ಎಂದು ಕೇಳಿದರು. ನಿನ್ನನ್ನು ಎತ್ತಿ ಆಡಿಸಿದವರು ಅವರು. ನಿನ್ನ ಸಂಸ್ಕಾರವನ್ನು ಹೊರಗಿನವರಂತೆ ದೂರ ನಿಂತು ನೋಡಬೇಕಾಗುತ್ತದೆಂದು ಹೆದರಿದ್ದರು.

"ತಂಗಿ ಆಗ್ಬೇಕು ಮಾವ" ಎಂದೆ.

ಆಯಾ ನಮ್ಮಿಬ್ಬರನ್ನೂ ನೋಡಿದಳು. "ಹೇಗೆ ಕಳಿಸ್ಬೇಕೋ ಹೇಳಿ, ಹಾಗೇ ಮಾಡೋಣ" ಎಂದಳು. ವಾರ್ಡಿನ ಗಂಡಸರು ನಿನಗೆ ಸ್ನಾನ ಮಾಡಿಸಿದರು. ಅದು ಒಡವೆಯಲ್ಲ, ಸಿಖ್ಖರ ಗುರುತು ಎಂದು ಆಯಾಗೆ ಹೇಳಿ, ಸೋಪು ಹಚ್ಚಿ ಕಡಗವನ್ನು ನಿನ್ನ ಕೈಗೆ ಮತ್ತೆ ಏರಿಸಿದೆ. ಕೂದಲು ಬಾಚಿ ನೆತ್ತಿಯ ಮೇಲೆ ಗಂಟು ಹಾಕಿದೆ. ಪಗಡಿಗೆ ಬಂದಾಗ ಕೈ ನಿಂತುಹೋಯಿತು. ಇಷ್ಟು ವರ್ಷವೂ ಬೆಳಿಗ್ಗೆ ಆ ಬಟ್ಟೆಯ ಇನ್ನೊಂದು ತುದಿ ಹಿಡಿದು, ಎಳೆದು, ಮಡಿಕೆ ಕೂರಿಸುತ್ತಿದ್ದವಳು ನಾನು. ಸುತ್ತುವುದು ನಿನ್ನ ಕೆಲಸವಾಗಿತ್ತು. ಈಗ ನಾನು ನಿನ್ನ ಜಾಗದಲ್ಲಿ ನಿಂತಿದ್ದೆ, ನನ್ನ ಜಾಗದಲ್ಲಿ ಯಾರೂ ಇರಲಿಲ್ಲ.

ಮಾವ ಬಂದು ಆ ತುದಿ ಹಿಡಿದುಕೊಂಡರು. "ಬಿಗಿಯಾಗಿ ಹಿಡೀರಿ, ಸಡಿಲ ಬಿಡ್ಬೇಡಿ" ಎಂದು ಗದರಿದೆ. ಎರಡೂ ಕೈಯಲ್ಲಿ ಬಿಗಿ ಹಿಡಿದರು. ಆಯಾ ನಿನ್ನ ತಲೆ ಎತ್ತಿ ಹಿಡಿದಳು. ಸುತ್ತಿದ್ದೇನೋ ಸುತ್ತಿದೆ, ಎಡಕ್ಕೆ ವಾಲಿತು. ನೀನಾಗಿದ್ದರೆ ಕನ್ನಡಿ ನೋಡಿ ಎಲ್ಲ ಬಿಚ್ಚಿ ಹಾಕುತ್ತಿದ್ದೆ.

ಗುರುದ್ವಾರದ ಹಿರಿಯರು ಬಂದು ಪ್ರಾರ್ಥನೆ ಹೇಳಿದರು. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಅದನ್ನು ಮುಗಿಸಿದರು. ಚಿತೆಗೆ ಬೆಂಕಿ ಕೊಡುವ ವಿಷಯದಲ್ಲಿ ಜಗಳವಿರಲಿಲ್ಲ, ನಿಮ್ಮಲ್ಲೂ ಅದೇ, ನಮ್ಮಲ್ಲೂ ಅದೇ. "ಗಟ್ಟಿಯಾಗಿ ಅಳಬಾರದಮ್ಮ, ದೇವರ ಆಜ್ಞೆ ಅಂತ ಒಪ್ಪಿಕೊಳ್ಬೇಕು" ಎಂದವರು, ನನ್ನ ಒಣಗಿದ ಕಣ್ಣು ನೋಡಿ ಮೆಚ್ಚಿ ತಲೆದೂಗಿದರು. ನಾನು ಮೆಚ್ಚುವಂಥದ್ದೇನೂ ಮಾಡಿರಲಿಲ್ಲ.

ಇವತ್ತು ಮಾವ ಫೋನ್ ಮಾಡಿದ್ದರು. ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಸಂಕೋಚದಿಂದ ಕೇಳಿದರು: "ನನ್ನ ಮನೇಲಿ ಒಂದು ಪೂಜೆ ಮಾಡಿಸ್ಬೇಕು ಅಂತ ಇದೆ ಕಣಮ್ಮ. ಅವನ ಹೆಸರು ಹೇಳಿಸ್ಲಾ, ಬೇಡ್ವಾ?"

"ಅವನ ಹೆಸರು ಬೇಡ ಮಾವ" ಎಂದೆ. "ನನ್ನ ಹೆಸರಲ್ಲಿ ಮಾಡಿಸಿ. ಅವನು ಹೋದ್ಮೇಲೂ ನಂಗೆ ಅಳು ಬರ್ತಿಲ್ಲ, ಏನೂ ಅನ್ನಿಸ್ತಾ ಇಲ್ಲ."

ಆ ಕಡೆ ಮಾವ ಅಳತೊಡಗಿದರು. ಅವರು ಮುಗಿಸುವವರೆಗೂ ನಾನು ಫೋನ್ ಹಿಡಿದುಕೊಂಡೇ ಕೂತಿದ್ದೆ.

ನಿನ್ನ ದೇವರು ನಿನ್ನನ್ನು ನೀನಾಗೇ ಇಟ್ಟುಕೊಳ್ಳಲಿ ಅಣ್ಣ. ಹೋಗಿ ಬಾ.

ನಿನ್ನ ಬೆನ್ನಿಗೆ ಹುಟ್ಟಿದ,
ಬೇರೆ ಧರ್ಮದ ತಂಗಿ