ಮಟಕಿಯಲ್ಲಿ ಆದ ಒಂದೇ ಕಳವು

ಮಟಕಿ, ತಾಲೂಕು ಆಳಂದ
ಗುರುವಾರ, 15 ಜನವರಿ 1948

ಅವ್ವನ ಪಾದಕ್ಕೆ ಮಗ ಚಂದ್ರಾಮ ಹಣೆ ಹಚ್ಚಿ ಬರೆಯುವುದು,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿದ್ದಿದೆ. ನೀನು ತಲೆಬಾಗಿಲು ಬಡಿಯುತ್ತಿದ್ದೆ, ‘ಚಂದೂ, ನಾನೋ, ತೆಗಿಯೋ’ ಎನ್ನುತ್ತಿದ್ದೆ. ನಾನು ಒಳಗೆ ನಿಂತು, ದನಿ ನಿನ್ನದೇ ಎಂದು ಗೊತ್ತಿದ್ದೂ, ಕಳ್ಳರು ಈಗ ಅವ್ವಂದಿರ ದನಿ ತೆಗೆಯುವುದನ್ನೂ ಕಲಿತಿದ್ದಾರೆ ಎಂದುಕೊಂಡು ಬಾಗಿಲಿಗೆ ಒನಕೆ ಆನಿಸುತ್ತಿದ್ದೆ, ಒನಕೆಯ ಹಿಂದೆ ಬೀಸುವ ಕಲ್ಲು ಉರುಳಿಸುತ್ತಿದ್ದೆ. ಎಚ್ಚರವಾದೊಡನೆ ಈ ಕಾಗದ ಹಿಡಿದೆ. ಅದಕ್ಕೇ ಮೊದಲು ಕೇಳುತ್ತೇನೆ, ಮೈಯಲ್ಲಿ ಹುಷಾರಾಗಿ ಇದ್ದೀಯಾ? ಬಂಡಿಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋದ ಮೇಲೆ ಮೊಣಕಾಲು ಬಾತಿರಬೇಕು. ಎಕ್ಕೆ ಎಲೆ ಬಿಸಿ ಮಾಡಿ ಕಟ್ಟಲು ತಂಗಿ ಸಾಬವ್ವನಿಗೆ ಹೇಳು. ಅಕ್ಕಲಕೋಟದ ನೀರು ನಿನಗೆ ಒಗ್ಗುವುದಿಲ್ಲ, ಕಾಸಿ ಕುಡಿ. ಕೆಮ್ಮು ಇದೆಯೋ ಇಲ್ಲವೋ ಒಂದು ಮಾತು ತಿಳಿಸು, ಇಲ್ಲದಿದ್ದರೆ ನಾನು ಇದೆ ಎಂದೇ ತಿಳಿದುಕೊಂಡು ಕೂರುತ್ತೇನೆ. ನನ್ನ ಬರಹದಲ್ಲಿ ತಪ್ಪಿದ್ದರೆ ಓದಿ ಹೇಳುವ ಅಳಿಯಂದಿರು ನಗಬಾರದು. ಮೂರನೆಯ ಇಯತ್ತೆಯವರೆಗೆ ಉರ್ದು ಶಾಲೆ, ಕನ್ನಡ ಮಠದ ಜಗುಲಿಯಲ್ಲಿ ಒಂದು ಮಳೆಗಾಲ, ನನ್ನ ವಿದ್ಯೆ ಅಷ್ಟೇ ಎಂದು ಅವರಿಗೂ ಗೊತ್ತಿದೆ.

ಇನ್ನು ಊರಿನ ಸುದ್ದಿ. ಊರು ಎನ್ನಲು ನಾಚಿಕೆಯಾಗುತ್ತದೆ. ದರೋಡೆಕೋರರ ಆ ನಲವತ್ತು ಕುದುರೆ ಇನ್ನೂ ಬಂದಿಲ್ಲ. ಬರುತ್ತವೆ ಎಂದು ಚಾವಡಿ ಕಟ್ಟೆಯ ಮೇಲೆ ದಿನಾ ಹೇಳುತ್ತಾರೆ. ಮೊದಲು ಹನ್ನೆರಡು ಇದ್ದವು, ದೀಪಾವಳಿಗೆ ಇಪ್ಪತ್ತೈದಾದವು, ಈಗ ನಲವತ್ತು. ಮೇವು ಹಾಕದೆ ಹೀಗೆ ಹೆಚ್ಚುವ ಕುದುರೆಗಳನ್ನು ನಾನಂತೂ ಕಂಡಿಲ್ಲ. ಕಂಡವರು ಯಾರು ಎಂದು ಕೇಳಿದರೆ ಪಕ್ಕದ ಮನೆ ಖಂಡಪ್ಪ ಮೀಸೆ ಒರೆಸಿಕೊಂಡು, ‘ಖಜೂರಿ ಮಂದಿ ಕಂಡಾರ’ ಎನ್ನುತ್ತಾನೆ. ಹೋದ ತಿಂಗಳು ನಾನು ಖಜೂರಿಗೆ ನೇಗಿಲ ಕುಳ ಹರಿತ ಮಾಡಿಸಲು ಹೋಗಿದ್ದೆನಲ್ಲ, ಅಲ್ಲಿಯ ಕಮ್ಮಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮಟಕಿಯಿಂದ ಬಂದ್ರೇನ್ರಿ? ನಿಮ್ಮೂರಾಗ ನಲವತ್ತು ಕುದರಿ ಹೊಕ್ಕಾವಂತ, ನೀವ್ ಹ್ಯಾಂಗ ಉಳದ್ರಿ?’ ಎಂದ. ಮೊನ್ನೆ ಇಜೇರಿಯಿಂದ ಶಿವರಾಯ ಮಾವ ಬಂದಿದ್ದರು. ಏಕೆ ಬಂದರು ಗೊತ್ತೇ? ಅಳಲು. ನಮ್ಮ ಮನೆ ಲೂಟಿಯಾಗಿ ನೀನು ಸತ್ತಿದ್ದೀ ಎಂದು ಜೇವರ್ಗಿ ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ಬಾಗಿಲಲ್ಲೇ ಗೋಳಾಡಲು ಶುರು ಮಾಡಿದರು. ಅವ್ವ ಅಕ್ಕಲಕೋಟದಲ್ಲಿ ಬಿಸಿ ರೊಟ್ಟಿ ತಿನ್ನುತ್ತಿದ್ದಾಳೆ ಎಂದು ಹೇಳಿದಾಗ ಅವರ ಮುಖ ಸ್ವಲ್ಪ ಸಪ್ಪಗಾದದ್ದನ್ನು ನಾನು ನೋಡಿದೆ. ನಿಮ್ಮ ಕಡೆ ಹೇಗೆ ಮಾವಾ ಎಂದರೆ, ‘ನಮ್ಮ ಕಡಿ ಏನೂ ಇಲ್ಲಪಾ, ಶಾಂತ ಅದ. ಅಫಜಲಪುರದ ಕಡಿ ಭಾಳ ಅದ ಅಂತ’ ಎಂದರು. ಅಫಜಲಪುರದವರನ್ನು ಕೇಳಿದರೆ ನಮ್ಮ ಕಡೆ ಕೈ ತೋರಿಸುತ್ತಾರೆ, ನನಗೆ ಅನುಮಾನವೇ ಇಲ್ಲ. ಎಲ್ಲಿಯೂ ಏನೂ ಆಗಿಲ್ಲ ಎಂದು ನಾನು ಹೇಳುವುದಿಲ್ಲ ಅವ್ವಾ. ರಜಾಕಾರರು ಸುಟ್ಟ ಮನೆಗಳನ್ನು ಕಣ್ಣಾರೆ ಕಂಡು ಬಂದವರಿದ್ದಾರೆ, ಅವರು ಕಡಿಮೆ ಮಾತಾಡುತ್ತಾರೆ. ನಾನು ಹೇಳುವುದು ಏನೂ ಕಾಣದೆ ಬಾಯಿ ಮಾಡುವ ನಮ್ಮವರ ಮಾತು.

ಪೊಲೀಸ್ ಪಾಟೀಲರ ಕನ್ನಡಕ ಒಡೆದಿದೆ. ಅವರ ದಫ್ತರ ಉರ್ದುವಿನಲ್ಲಿದೆ ಎಂದು ಓದಲು ನನ್ನನ್ನು ಚಾವಡಿಗೆ ಕರೆಸಿದ್ದರು. ಹೋದ ಎಳ್ಳಮಾವಾಸ್ಯೆಯಿಂದ ಈ ಎಳ್ಳಮಾವಾಸ್ಯೆಯವರೆಗೆ ಊರಲ್ಲಿ ನಡೆದ ಗುನ್ಹೆ ಎಲ್ಲ ಓದಿದೆ. ಒಂದು ಆಡು ಕಾಣೆಯಾಗಿತ್ತು, ಮೂರನೆಯ ದಿನ ಆಡಿನ ಧಣಿಯ ಷಡ್ಡಕನ ಹಿತ್ತಲಲ್ಲಿ ಸಿಕ್ಕಿತು. ಕೆರೆ ಕಡೆಯ ಹೊಲದಲ್ಲಿ ಯಾರೋ ನಾಲ್ಕು ಸಾಲು ತೆನೆ ಕೊಯ್ದಿದ್ದರು. ಮತ್ತೆ ಬದುವಿನ ಬೇವಿನ ಗಿಡದ ಸಲುವಾಗಿ ಖಂಡಪ್ಪ ತನ್ನ ತಮ್ಮನ ತಲೆ ಒಡೆದ. ಅದರ ಹಿಂದಿನ ವರ್ಷ ಇದಕ್ಕಿಂತ ಎರಡು ಹೆಚ್ಚಿಗೆ ಇದ್ದವು. ಹೊರಗಿನಿಂದ ಬಂದ ಒಬ್ಬನ ಹೆಸರೂ ಎರಡೂ ವರ್ಷದಲ್ಲಿ ಇಲ್ಲ. ಓದಿ ಮುಗಿಸಿದಾಗ ಕಟ್ಟೆಯ ಮೇಲೆ ಕುಳಿತವರಿಗೆ ಏನೋ ಮೋಸವಾದಂತಾಯಿತು. ಖಂಡಪ್ಪ, ‘ದಫ್ತರದಾಗ ಬರದದ್ದು ಅಷ್ಟರೀ, ಬರೀದಿದ್ದು ಎಷ್ಟದನೋ’ ಎಂದ. ಆ ಮಾತು ಖರೆ, ಆದರೆ ಅವನು ತಿಳಿದ ಅರ್ಥದಲ್ಲಿ ಅಲ್ಲ. ಶ್ರಾವಣದಲ್ಲಿ ಅವನು ಹೆಂಡತಿ ನಿಂಬೆವ್ವನ ಕೈ ಮುರಿದದ್ದು ದಫ್ತರದಲ್ಲಿ ಇಲ್ಲ. ಅದು ಮನೆಯ ಮಾತಂತೆ. ಕುದುರೆಗಳ ಭಯಕ್ಕೆ ಈ ಕಟ್ಟೆಯವರು ರಾತ್ರಿ ಗಸ್ತಿ ತಿರುಗಲು ಶುರು ಮಾಡಿದ ಮೇಲೆ ಮೂವರಿಗೆ ಗಾಯವಾಗಿದೆ, ಮೂರನ್ನೂ ಗಸ್ತಿಯವರೇ ಒಬ್ಬರಿಗೊಬ್ಬರು ಮಾಡಿದ್ದು. ಅದೂ ಇಲ್ಲ.

ಎಳ್ಳಮಾವಾಸ್ಯೆಯ ದಿನ ನೀನು ಕಂಡದ್ದು ಅರ್ಧ, ಉಳಿದರ್ಧ ಕೇಳು. ಹೊಲದಲ್ಲಿ ಜೋಳದ ದಂಟಿನ ಕೊಂಪಿ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಇನ್ನೇನು ಬೆಳೆಗೆ ಚರಗದ ಎಡೆ ಚೆಲ್ಲಬೇಕು ಎನ್ನುವಾಗ ‘ಬಂದ್ರು, ಬಂದ್ರು’ ಎಂದು ಕೂಗು ಎದ್ದಿತಲ್ಲ. ಖಜೂರಿಯ ದಾರಿಯಲ್ಲಿ ಧೂಳು ಎದ್ದದ್ದು ನಿಜ. ನೀನು ಬೀರಣ್ಣನ ಬಂಡಿ ಹತ್ತಿ ಹಾಗೆಯೇ ಗಡಿ ದಾಟಿ ಹೋದೆ. ಉಳಿದ ಗಂಡಸರು ಕುಡಗೋಲು, ಕೋಲು ಹಿಡಿದು ಧೂಳಿನ ಕಡೆ ಓಡಿದರು. ಎದುರಿಗೆ ಬಂದವರು ಯಾರು ಗೊತ್ತೇ? ಖಜೂರಿಯ ಕಡೆಯ ಹೊಲದವರು. ಅವರೂ ಕುಡಗೋಲು ಹಿಡಿದಿದ್ದರು. ನಮ್ಮ ಹೊಲದಲ್ಲಿ ಜನ ಕೊಂಪಿ ಬಿಟ್ಟು ಓಡಾಡುವುದನ್ನು ಕಂಡು, ಮಟಕಿಗೆ ಕುದುರೆ ಹೊಕ್ಕವು ಎಂದು ಬಂಡಿ ಹೊಡೆದುಕೊಂಡು ಬಂದಿದ್ದರು. ಎರಡೂ ಊರಿನ ಶೂರರು ದಾರಿಯ ನಡುವೆ ನಿಂತು, ‘ನಿಮ್ಮಲ್ಲಿ ಎಷ್ಟು ಮಂದಿ ಬಂದಾರ್ರಿ?’, ‘ನಮ್ಮಲ್ಲಿ ಎಲ್ಲಿ, ನಿಮ್ಮಲ್ಲಿ ಎಷ್ಟು?’ ಎಂದು ಕೇಳಿಕೊಂಡು, ಬಾಯಿ ಒಣಗಿಸಿಕೊಂಡು ತಿರುಗಿದರು. ಅಷ್ಟರಲ್ಲಿ ನಮ್ಮ ಬಜ್ಜಿ, ಕಡಬು, ಸಜ್ಜೆ ರೊಟ್ಟಿಯನ್ನೆಲ್ಲ ನಾಯಿಗಳು ತಿಂದಿದ್ದವು. ಆ ದಿನ ಲೂಟಿ ಮಾಡಿದ್ದು ಅವೇ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಖಂಡಪ್ಪನಿಗೆ ಅವಮಾನವಾಗಿತ್ತು, ಅಷ್ಟು ಓಡಿದ ಮೇಲೆ ಏನಾದರೂ ಕಳೆದಿರಲೇಬೇಕಿತ್ತು. ಎಲ್ಲರ ಪೆಟ್ಟಿಗೆ ತೆಗೆಸಿದ. ನಮ್ಮ ಪೆಟ್ಟಿಗೆಯಲ್ಲಿ ನಿನ್ನ ಕೊರಳಿನ ಬಂಗಾರದ ಬೋರಮಾಳ ಸರ ಇರಲಿಲ್ಲ. ‘ನೋಡ್ರಿ, ನಾ ಹೇಳಿದ್ದಿಲ್ಲೇನ್?’ ಎಂದು ಅವನು ಹಬ್ಬ ಮಾಡಿದವನಂತೆ ಕುಣಿದ. ಅಂದು ಊರಲ್ಲಿ ಯಾರಿದ್ದರು? ಬಳೆಗಾರ ಹುಸೇನಪೀರ ಒಬ್ಬ. ಅವ್ವಾ, ಪ್ರತಿ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುವಾಗ ಕುಂಟುಕಾಲಿನ ಹುಸೇನಪೀರ ಊರ ಅಗಸಿ ಬಾಗಿಲಲ್ಲಿ ಕುಳಿತು ಮನೆಗಳನ್ನು ಕಾಯುತ್ತಿದ್ದ. ಸಂಜೆ ಮನೆಗೊಂದು ತಾಟು ಬಜ್ಜಿ ಕಡಬು ಅವನಿಗೆ ಹೋಗುತ್ತಿತ್ತು. ಅವನ ಅಪ್ಪನ ಕಾಲದಿಂದ ಇದು ನಡೆದಿದೆ, ಒಂದು ಸೂಜಿ ಹೋಗಿಲ್ಲ. ಕಾವಲಿಗೆ ನಾವೇ ಕೂರಿಸಿ ಹೋದವನನ್ನು, ಕಾವಲಿಗೆ ಇದ್ದ ಎಂಬುದಕ್ಕೇ ಕಳ್ಳ ಮಾಡಿದರು. ಚಾವಡಿಯ ಕಂಬಕ್ಕೆ ಕಟ್ಟಿದರು. ಇವನೇ ನಲವತ್ತು ಕುದುರೆಗೆ ಊರಿನ ಗುಟ್ಟು ಹೇಳುವವನು ಎಂದರು. ಅವನ ಗುಡಿಸಲು ಅಗೆದರು, ಬಳೆಯ ಮಲಾರ ಬಿಚ್ಚಿ ಚೆಲ್ಲಿದರು, ಒಡೆದ ಬಳೆ ಇನ್ನೂ ಬೀದಿಯಲ್ಲಿದೆ, ಬರಿಗಾಲಲ್ಲಿ ನಡೆಯುವಂತಿಲ್ಲ. ಬೋರಮಾಳ ಸಿಗಲಿಲ್ಲ. ಸಿಗದಿದ್ದುದೇ ಅವನು ಎಷ್ಟು ದೊಡ್ಡ ಕಳ್ಳ ಎಂಬುದಕ್ಕೆ ಸಾಕ್ಷಿ ಆಯಿತು. ಪಂಚರು ಕಾಗದ ಬರೆಸಿದರು. ಬೋರಮಾಳ ಆ ದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಇದ್ದುದನ್ನು ಕಂಡವರು ಇದ್ದಾರೆ, ಆದ್ದರಿಂದ ಮಾಲು ಕೊಡದಿದ್ದರೆ ಹುಸೇನಪೀರ ಹೆಂಡತಿಯೊಂದಿಗೆ ಸೋಮವಾರ ಊರು ಬಿಡಬೇಕು ಎಂದು ಅದರಲ್ಲಿದೆ. ದಫ್ತರದಲ್ಲಿ ಈ ವರ್ಷದ ಮೊದಲ ಕಳವು ಎಂದು ನಮ್ಮ ಮನೆಯ ಹೆಸರು ಏರಿತು. ಈ ಕಾಲದಲ್ಲಿ, ಆ ಕಾಲಿನಲ್ಲಿ, ಅವನು ಎಲ್ಲಿಗೆ ಹೋಗಬೇಕು? ಅವನ ಮೇಲಿನ ಸಿಟ್ಟಿಗೆ ಯಾರಾದರೂ ದಾರಿಯಲ್ಲಿ ಕಡಿದರೆ? ಅವನ ಪರವಾಗಿ ಯಾರಾದರೂ ನಿಜವಾಗಿಯೇ ಕುದುರೆ ಹತ್ತಿ ನಮ್ಮ ಮೇಲೆ ಬಂದರೆ? ನನಗೆ ಎರಡೂ ಭಯ ಒಟ್ಟಿಗೆ ಇವೆ.

ನಿನ್ನೆ ಅವನ ಹೆಂಡತಿ ಮುಮತಾಜ ಬಂದಿದ್ದಳು. ನಮ್ಮ ಮನೆಯ ಜಗುಲಿಯ ಕೆಳಗೆ ನಿಂತಳು, ಮೇಲೆ ಬರಲಿಲ್ಲ. ‘ಚಂದ್ರಾಮಣ್ಣ, ನಿಮ್ಮ ಅವ್ವಗ ಮದಿವ್ಯಾಗ ಬಳಿ ತೊಡಿಸಿದಾಕಿ ನಮ್ಮ ಅತ್ತಿ. ಆ ಕೈ ಹಿಡದ ಮನಿ ನಾವು. ನೀವರ ಒಂದ್ ಮಾತ್ ಹೇಳ್ರಿ’ ಎಂದಳು. ನಾನು ಎತ್ತಿಗೆ ನೀರು ತೋರಿಸಬೇಕು ಎಂದು ಒಳಗೆ ಬಂದೆ. ಎತ್ತುಗಳು ಆಗಲೇ ನೀರು ಕುಡಿದಿದ್ದವು. ಬಾಗಿಲ ಸಂದಿಯಿಂದ ನೋಡಿದೆ, ಬಹಳ ಹೊತ್ತು ನಿಂತಿದ್ದಳು. ಖಂಡಪ್ಪ ಅವಳನ್ನು ನೋಡಿ, ‘ಏನ್ ಬೇ, ಇನ್ನೊಂದ್ ಮನಿ ನೋಡಿಟ್ಟೀ ಏನ್?’ ಎಂದ. ಅವನ ಜೊತೆ ಇದ್ದ ಕಟ್ಟೆಯವರು ನಕ್ಕರು. ತಲೆ ಒಡೆದವರು, ಕೈ ಮುರಿದವರು, ಬೇರೆಯವರ ತೆನೆ ಕೊಯ್ದವರು, ಎಲ್ಲ ಸೇರಿ ನಕ್ಕರು. ಇಂಥವರನ್ನು ದೋಚಲು ಅಷ್ಟು ದೂರದಿಂದ ಯಾವ ಕಳ್ಳ ಕುದುರೆ ಸವೆಸಿಕೊಂಡು ಬರುತ್ತಾನೆ?

ನೀನು ಸದ್ಯ ಅಲ್ಲಿಯೇ ಇರು. ಸುಗ್ಗಿಗೆ ಬಂದು ಕರೆದುಕೊಂಡು ಬರುತ್ತೇನೆ. ಸಾಬವ್ವನ ಮಕ್ಕಳ ತಲೆಯ ಮೇಲೆ ನನ್ನ ಹೆಸರಿನಲ್ಲಿ ಕೈ ಇಡು, ಅಳಿಯಂದಿರಿಗೆ ಶರಣು ಹೇಳು. ಈ ಕಾಗದ ಒಯ್ಯುವ ಬೀರಣ್ಣನಿಗೆ ಊಟ ಹಾಕದೆ ಕಳಿಸಬೇಡ. ಅವನು ಭಾನುವಾರ ತಿರುಗಿ ಹೊರಡುತ್ತಾನೆ.

ನಿನ್ನ ಮಗ,
ಚಂದ್ರಾಮ

ತಾಜಾ ಕಲಂ: ಬೀರಣ್ಣ ಎತ್ತು ಹೂಡಿ ನಿಂತಿದ್ದಾನೆ. ಅಳಿಯಂದಿರೇ, ಇದನ್ನು ಅವ್ವನಿಗೆ ಮೆತ್ತಗೆ ಓದಿ, ಹೊರಗಿನವರು ಇದ್ದರೆ ಆಮೇಲೆ ಓದಿ. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಬೋರಮಾಳ ಕಂಡವನು ಎಂದು ಕಾಗದದಲ್ಲಿ ಇರುವುದು ನಾನೇ. ನಾನು ಕಂಡಿರಲಿಲ್ಲ ಅವ್ವಾ. ಪೆಟ್ಟಿಗೆಯನ್ನೇ ತೆಗೆದಿರಲಿಲ್ಲ. ಖಂಡಪ್ಪ ಎಲ್ಲರ ಎದುರು ‘ಮುಂಜಾನಿ ಇತ್ತಲ್ಲೋ?’ ಎಂದ, ನಾನು ಹೌದು ಎಂದೆ, ಸಹಿ ಹಾಕು ಎಂದರು, ಹಾಕಿದೆ. ಕಟ್ಟೆಯವರಿಗೆ ನಾನು ಹೆದರಿದಷ್ಟು ಆ ಕುದುರೆಗಳಿಗೆ ಯಾರೂ ಹೆದರಿಲ್ಲ. ವರ್ಷವೂ ನೀನು ಬೋರಮಾಳವನ್ನು ಪೂಜೆಗೆಂದು ಐದು ಕಲ್ಲಿನ ಮೇಲೆ ಇಡುತ್ತಿದ್ದೆ, ಈ ವರ್ಷ ಇಟ್ಟೆಯೋ ಇಲ್ಲವೋ ನಾನು ನೋಡಲಿಲ್ಲ, ಕೂಗು ಕೇಳಿದೊಡನೆ ಮೊದಲು ಓಡಿದವನು ನಾನು. ಕೊಂಪಿಯಲ್ಲಿ ಮಣ್ಣು ಜರಡಿ ಹಿಡಿದು ನೋಡಿದ್ದೇನೆ, ಇಲ್ಲ. ಇಲ್ಲೇ ಉಳಿದ ಚರಗದ ಬುಟ್ಟಿಯಲ್ಲೂ ಇಲ್ಲ. ಆದರೆ ಕಲ್ಲುಗಳಿಗೆ ಹೊದಿಸಿದ ಹಸಿರು ಕುಪ್ಪಸದ ಖಣವೂ ಇಲ್ಲಿಲ್ಲ, ಅದು ನಿನ್ನ ಜೊತೆಯೇ ಬಂದಿರಬೇಕು. ಅದರಲ್ಲಿ ಬೋರಮಾಳ ಸಿಕ್ಕರೆ ಭಾನುವಾರವೇ ಬೀರಣ್ಣನ ಕೈಗೆ ಕೊಡು. ಸಿಗದಿದ್ದರೆ ಸೋಮವಾರ ನಾನು ಚಾವಡಿಗೆ ಹೋಗಿ ಕಂಡಿಲ್ಲ ಎನ್ನಬೇಕಾಗುತ್ತದೆ, ಅದು ನನ್ನಿಂದ ಆಗುತ್ತದೆ ಎಂದು ನನಗೆ ನಂಬಿಕೆ ಇಲ್ಲ. ಆ ಖಣದ ಮಡಿಕೆ ಒಮ್ಮೆ ಪೂರ್ತಿ ಬಿಚ್ಚಿ ನೋಡು.