ಕೆಂಪು ಗುರುತಿಲ್ಲದ ಹಾಳೆಗಳು

೧೪-೮-೨೦೦೨, ಬುಧವಾರ

ಅಷ್ಟು ಖುಷಿಯಾಗಿ ನಾನು ಫೋನ್ ಮಾಡಬಾರದಿತ್ತು.

ಪುಸ್ತಕದ ಕೆಲಸ ಮೈಸೂರಿನ ಪ್ರೆಸ್ಸಿನದು. ನರಸೀಪುರದ ಈ ಮನೆಯಲ್ಲಿ ನಾನು ಟೈಪ್ ಮಾಡುತ್ತೇನೆ, ನಂಜನಗೂಡಿನಲ್ಲಿ ಪುಟ್ಟಮಾದಯ್ಯನವರು ತಪ್ಪು ತಿದ್ದುತ್ತಾರೆ. ಹಾಳೆಗಳು ಬಸ್ ಕಂಡಕ್ಟರ್ ಕೈಯಲ್ಲಿ ಹೋಗಿ ಬರುತ್ತವೆ. ಎರಡು ವರ್ಷವಾದರೂ ನಾನು ಅವರ ಮುಖ ನೋಡಿಲ್ಲ. ಗೊತ್ತಿರುವುದು ಫೋನಿನ ದನಿ, ತಿದ್ದಿದ ಕೆಂಪು ಅಕ್ಷರ.

ಇವತ್ತು ಬಂದ ಹಾಳೆಗಳಲ್ಲಿ ಒಂದೂ ಕೆಂಪು ಗುರುತಿರಲಿಲ್ಲ. ಕೊನೆಗೂ ಅವರಿಂದ ಭೇಷ್ ಅನ್ನಿಸಿಕೊಳ್ಳೋಣವೆಂದು ಫೋನ್ ಮಾಡಿದರೆ ಅವರ ಮಗಳು ಎತ್ತಿದಳು.

“ಅಪ್ಪ ಭಾನುವಾರ ತೀರೋದ್ರು ಕಣಕ್ಕ. ಮೇಜಿನ ಮ್ಯಾಲಿದ್ದ ನಿಮ್ ಹಾಳೆಗಳ್ನ ಅಂಗೇ ಕಳಿಸ್ಬುಟ್ಟೆ.”

ಈಗ ಓದಿದರೆ ಮೊದಲ ಪುಟದಲ್ಲೇ ಏಳು ತಪ್ಪು. ಇನ್ನು ನಾನೇ ತಿದ್ದಬೇಕು. ಮನೆಯೆಲ್ಲ ಹುಡುಕಿದೆ, ಕೆಂಪು ಪೆನ್ನೇ ಇಲ್ಲ.