ಮಿಡತೆ ಬಿದ್ದ ಹಾಸಿಗೆ

ಗುರುವಾರ ಬೆಳಿಗ್ಗೆ
ಅಂಗಡಿಯಿಂದ

ಮನೆ ಯಜಮಾನಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಮಂಗಳವಾರವೇ ದುಡ್ಡು ಕಳಿಸುತ್ತೇನೆಂದು ಮಾತು ಕೊಟ್ಟು ಎರಡು ದಿನ ತಡಮಾಡಿದ್ದೇನೆ. ಬೈಯುವುದನ್ನೆಲ್ಲ ಮೊದಲೇ ಬೈದು ಮುಗಿಸಿ ಆಮೇಲೆ ಓದು. ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯಾ? ನಾನು ಯಾವಾಗ ಫೋನ್ ಮಾಡಿದರೂ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ನಿನಗಂಟಿಕೊಂಡೇ ಕೂತಿರುತ್ತಾಳೆ. ಅವಳ ಮುಂದೆ ಎಲ್ಲವನ್ನೂ ಮಾತಾಡುವುದಕ್ಕಾಗುವುದಿಲ್ಲ. ಬಸ್ ಡ್ರೈವರ್ ಕೈಯಲ್ಲಿ ದುಡ್ಡಿನ ಕಟ್ಟಿನ ಜೊತೆ ಇದನ್ನೂ ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ಮೊದಲು ಹೇಳು, ಮಿಡತೆ ಇವತ್ತು ಕಾಲ್ಬೆರಳು ಆಡಿಸಿದಳಾ? ನಿನ್ನೆ ನೀನು, "ಸ್ವಲ್ಪ ಆಡಿಸಿದ್ಲು ಅನ್ಸುತ್ತೆ ರೀ" ಅಂದೆ. ಅನ್ಸುತ್ತೆ ಅಂದರೇನು? ಆಡಿಸಿದಳೋ ಇಲ್ಲವೋ? ಹಾಸಿಗೆ ಹೊಲಿಯಲು ಕೂತರೂ ಅದೇ ಯೋಚನೆ. ನಡೆಯಲು ಕಲಿಯುವ ಮೊದಲೇ ಜಿಗಿಯಲು ಕಲಿತವಳು ಅಂತ ನಾವೇ ಅಲ್ಲವೇ ಅಕ್ಕನ ಮಗಳಿಗೆ ಆ ಹೆಸರಿಟ್ಟದ್ದು? ಶಾಲೆಯ ಮೈದಾನದಲ್ಲಿ ಹೈಜಂಪಿನ ಕೋಲು ದಾಟಿ ಹಾಸಿಗೆಯ ಮೇಲೆ ಬಿದ್ದವಳು ಏಳಲೇ ಇಲ್ಲ ಎಂಬುದು ಹನ್ನೊಂದು ದಿನವಾದರೂ ನನ್ನ ತಲೆಗೆ ಇಳಿಯುತ್ತಿಲ್ಲ. ನಿನ್ನೆ ನೀನು ಅವಳ ಕಿವಿಗೆ ಫೋನ್ ಹಿಡಿದಾಗ ಏನಂದಳು ಗೊತ್ತಾ? "ಸಾರಿ ಮಾಮ, ನಾನೇ ಸರಿಯಾಗಿ ಬೀಳ್ಲಿಲ್ಲ. ನನ್ನಿಂದ ಎಲ್ರಿಗೂ ಖರ್ಚು." ನಾನು ಫೋನ್ ಇಟ್ಟುಬಿಟ್ಟೆ.

ಸೋಮವಾರ ಮಧ್ಯಾಹ್ನದೊಳಗೆ ದುಡ್ಡು ಕಟ್ಟದಿದ್ದರೆ ಮಂಗಳವಾರದ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದಷ್ಟೂ ಕಾಲಿನ ಆಸೆ ಕಡಿಮೆ ಎಂದು ಡಾಕ್ಟರು ಹೇಳಿದ್ದು ಕಿವಿಯಲ್ಲೇ ಕೂತಿದೆ. ಊರೆಲ್ಲ ಅಲೆದೆ. ಇಸ್ತ್ರಿ ಅಂಗಡಿಯ ತಾತ, ಒಂದು ಅಂಗಿಯ ಕಾಸನ್ನೂ ಸಾಲ ಬಿಡದ ಮನುಷ್ಯ, ಡಬ್ಬಿಯನ್ನೇ ಬೋರಲು ಹಾಕಿದ. "ವಾಪಸ್ ಕೊಡ್ಬೇಡ. ಕೊಟ್ರೆ ನನ್ ಹೆಸರು ಕೆಟ್ಟೋಗುತ್ತೆ" ಅಂದ. ಲಾಡ್ಜಿನ ಮ್ಯಾನೇಜರು ಕೂರಿಸಿ ಕಾಫಿ ಕೊಟ್ಟು ಇಪ್ಪತ್ತೈದು ಸಾವಿರ ಎಣಿಸಿದರು. "ನಿಮ್ಮ ಹಾಸಿಗೆ ಮೇಲೆ ಮಲಗಿದವ್ರು ಒಬ್ರೂ ತಕರಾರು ಹೇಳಿಲ್ಲ ಕಣ್ರೀ. ಎಂಥಾ ಗಟ್ಟಿ ಮಾಲು ಹಾಕಿದ್ದೀರಿ. ಸೋದರಮಾವ ಅಂದ್ರೆ ನಿಮ್ಮಂಗಿರ್ಬೇಕು" ಅಂದರು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಇನ್ನೊಂದು ಸುದ್ದಿ. ಮಿಡತೆಗಾಗಿ ಭಾನುವಾರ ಶಾಲೆಯಲ್ಲಿ ಟಿಕೆಟ್ ಇಟ್ಟು ಜಿಗಿತದ ಪ್ರದರ್ಶನ ಮಾಡುತ್ತಾರಂತೆ. ಅವಳ ಜೊತೆಯ ಹನ್ನೆರಡು ಮಕ್ಕಳು ಜಿಗಿಯುತ್ತಾರೆ. ಪಿ.ಟಿ. ಮೇಷ್ಟ್ರು ಆ ದೊಡ್ಡ ಹಾಸಿಗೆಯನ್ನು ಮಂಗಳವಾರ ಗಾಡಿಯಲ್ಲಿ ಹಾಕಿಸಿ ನನ್ನ ಅಂಗಡಿಗೇ ಕಳಿಸಿದ್ದಾರೆ. "ಮೂಲೇಲಿ ಬಿಟ್ಕೊಂಡಿದೆ, ನಾಲ್ಕು ಹೊಲಿಗೆ ಹಾಕ್ಕೊಡಿ ಸಾಕು" ಅಂದರು. ಅಂಗಡಿ ತುಂಬ ಅದೇ. ಗೋಡೆಗೆ ಮೈ ಒತ್ತಿಕೊಂಡು ಓಡಾಡುತ್ತಿದ್ದೇನೆ.

ಒಂದು ಲಕ್ಷ ಅಂದಿದ್ದೆ, ಕಟ್ಟಿನಲ್ಲಿ ಎಂಬತ್ತೆರಡು ಸಾವಿರ ಇದೆ. ಗಾಬರಿಯಾಗಬೇಡ, ದಾರಿಯಲ್ಲಿ ಯಾರೂ ಹೊಡೆದಿಲ್ಲ. ಹೊಲಿಗೆ ಯಂತ್ರಕ್ಕೆ ಗಿರಾಕಿ ಗೊತ್ತಾಗಿದ್ದಾನೆ. ಭಾನುವಾರದ ಕೆಲಸ ಮುಗಿಸಿ ಅದನ್ನು ಅವನಿಗೆ ಒಪ್ಪಿಸಿ, ಮಿಕ್ಕಿದ್ದನ್ನು ಸೋಮವಾರ ಬೆಳಿಗ್ಗೆ ನಾನೇ ತರುತ್ತೇನೆ. ಅಲ್ಲಿಯವರೆಗೆ ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿಸು. ನೀನೂ ತಿನ್ನು, ಬರೀ ಟೀ ಕುಡಿದುಕೊಂಡು ಇರಬೇಡ. ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಮಿಡತೆಗೆ ಆಶೀರ್ವಾದ; ಅವಳ ತಲೆಯನ್ನೊಮ್ಮೆ ನನ್ನ ಪರವಾಗಿ ಸವರು.

ನಿನ್ನವನು

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾಲ್ಕು ಹೊಲಿಗೆ ಹಾಕಿ ಕಳಿಸಿಬಿಡಬಹುದಿತ್ತು, ಆದರೆ ಹಾಸಿಗೆಯನ್ನು ಬಿಚ್ಚಿದೆ. ನಡುವೆ ಕೈಯೊತ್ತಿದರೆ ಕೆಳಗಿನ ನೆಲವೇ ಸಿಕ್ಕಿತು. ರಜೆಯಲ್ಲಿ ಶಾಲೆಯವರು ಇದನ್ನು ಹೊಸದಾಗಿ ತುಂಬಿಕೊಡಿ ಅಂದಿದ್ದರಲ್ಲ, ಆಗ ಇದಕ್ಕೆಂದು ತರಿಸಿದ ಗಟ್ಟಿ ಸ್ಪಂಜನ್ನು ಕೊಯ್ದು ಲಾಡ್ಜಿನ ಹಾಸಿಗೆಗಳಿಗೆ ಹಾಕಿದೆ. ಅವರು ಅವಸರ ಮಾಡುತ್ತಿದ್ದರು, ಕಾಸೂ ಜಾಸ್ತಿ ಕೊಟ್ಟರು. ಇದರ ನಡುವೆ ಚೂರುಪಾರು ತುರುಕಿ ಹೊಲಿದೆ. ಮಕ್ಕಳು ತಾನೇ, ಹಗುರ ಇರ್ತಾರೆ ಅಂದುಕೊಂಡೆ. ಜಿಗಿದು ಜಿಗಿದು ಚೂರೆಲ್ಲ ಬದಿಗೆ ಸರಿದುಹೋಗಿದೆ. ಮಿಡತೆ ಬಿದ್ದ ಸುದ್ದಿ ಕೇಳಿದ ಗಳಿಗೆಯಿಂದ ಅನುಮಾನವಿತ್ತು. ಅದಕ್ಕೇ ಆಸ್ಪತ್ರೆಗೆ ನಿನ್ನನ್ನು ಕಳಿಸಿ, ದುಡ್ಡು ಎತ್ತುವ ನೆಪದಲ್ಲಿ ನಾನು ಇಲ್ಲಿ ಉಳಿದೆ.

ಹದಿನೆಂಟು ಸಾವಿರಕ್ಕೆ ಇಡೀ ಸ್ಪಂಜು ತಂದಿದ್ದೇನೆ. ಅವಳ ಆಪರೇಷನ್ನಿನ ದುಡ್ಡದು, ಗೊತ್ತು. ಆದರೆ ಭಾನುವಾರ ಹನ್ನೆರಡು ಮಕ್ಕಳು ಇದರ ಮೇಲೆ ಬೀಳುತ್ತಾರೆ. ಹಾಸಿಗೆ ಒಪ್ಪಿಸುವಾಗ ಮೇಷ್ಟ್ರಿಗೆ ಹೇಳುತ್ತೇನೆ, ಸೋಮವಾರ ಅಕ್ಕನಿಗೆ ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ನೀವಿಬ್ಬರೂ ನನ್ನನ್ನು ಏನು ಮಾಡಿದರೂ ಸರಿ.

ಒಂದು ಮಾತು ಮಾತ್ರ ಸೋಮವಾರದವರೆಗೆ ಕಾಯುವಂಥದ್ದಲ್ಲ. ಈ ಕಾಗದ ಮಡಚಿದ ಕೂಡಲೇ ಮಿಡತೆಯ ಹತ್ತಿರ ಹೋಗಿ, ಮಾಮ ಹೇಳಿದ ಅಂತ ಹೇಳು: ನೀನು ಸರಿಯಾಗೇ ಬಿದ್ದೆ ಕಣೇ. ಮೇಷ್ಟ್ರು ಕಲಿಸಿದ ಹಾಗೇ, ಹಾಸಿಗೆಯ ನಟ್ಟನಡುವೆ ಬಿದ್ದೆ.